ಅಂಗೈಯಲ್ಲಿ ಮೈದಾನ

1996ರ ಮಾರ್ಚ್ 9ರ ರಾತ್ರಿ ಮೈಸೂರಿನ ನಮ್ಮ ಹಾಸ್ಟೆಲಿನ ಟಿ.ವಿ. ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್‌ಫೈನಲ್. ಆಮಿರ್ ಸೊಹೈಲ್ ನಮ್ಮ ವೆಂಕಟೇಶ ಪ್ರಸಾದರ ಚೆಂಡನ್ನು ಆಫ್ ಸೈಡಿನಲ್ಲಿ ಬೌಂಡರಿಗೆ ಅಟ್ಟಿ, ಅಷ್ಟಕ್ಕೇ ಬಿಡದೆ ಬ್ಯಾಟನ್ನು ಆ ಕಡೆಗೆ ಚಾಚಿ ತೋರಿಸಿದರು. ಮರುಚೆಂಡಿಗೆ ಅವರ ಸ್ಟಂಪ್ ಉರುಳಿತು. ಆ ಎರಡು ಚೆಂಡುಗಳನ್ನು ಕಂಡ ಕನ್ನಡಿಗರು ಅವನ್ನು ಇವತ್ತಿಗೂ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಾರೆ.

ನನ್ನ ಪಕ್ಕದಲ್ಲಿ ಕೂತಿದ್ದ ರೂಮ್‌ಮೇಟ್ ಮಾತ್ರ ಅದನ್ನು ಕಂಡಿರಲಿಲ್ಲ. ಅವನಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಕೋಣೆಯೆಲ್ಲ ಎದ್ದು ಕುಣಿಯುತ್ತಿದ್ದಾಗ ಅವನೂ ಎದ್ದು ಕೂಗಿದ. ಆಮೇಲೆ ನನ್ನ ತೋಳು ಹಿಡಿದು ಅಲ್ಲಾಡಿಸಿದ. ‘ಏನಾಯ್ತೋ? ಹೇಳೋ ಬೇಗ!’ ‘ಬೌಲ್ಡ್ ಕಣೋ!’ ಎಂದೆ. ‘ಅದು ಗೊತ್ತಾಯ್ತು. ಅದಕ್ಕೂ ಮೊದಲು ಎಲ್ಲರೂ ಯಾಕೆ ಹಾಗೆ ಹಲ್ಲು ಕಡಿದ್ರಿ?’ ಬ್ಯಾಟ್ ಚಾಚಿ ತೋರಿಸಿದ್ದಕ್ಕೆ ಸದ್ದಿಲ್ಲವಲ್ಲ. ಆ ಗದ್ದಲದಲ್ಲಿ ವಿವರಿಸುವ ತಾಳ್ಮೆ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಮೆಸ್ಸಿನಲ್ಲಿ ಉಪ್ಪಿಟ್ಟು ತಿಂದು ಮುಗಿಸಿದವನೇ ತಟ್ಟೆ ತೊಳೆದು ತಂದು ನನ್ನ ಮುಂದಿಟ್ಟ. ಅಂಚು ಎದ್ದಿದ್ದ ದುಂಡನೆಯ ಸ್ಟೀಲ್ ತಟ್ಟೆ. ‘ಇದು ಗ್ರೌಂಡು ಅಂದ್ಕೊ. ಎಲ್ಲಿ ಹೊಡೆದ, ಎಲ್ಲಿ ತೋರಿಸಿದ, ಹೇಳು.’ ಬೆಂಕಿಪೊಟ್ಟಣದ ಒಂದು ಕಡ್ಡಿಯನ್ನು ನಡುವೆ ಇಟ್ಟು ಅದೇ ಪಿಚ್ ಎಂದೆ. ಸೊಹೈಲ್ ಎಡಗೈ ಆಟಗಾರ. ಹಾಗಾಗಿ ಕಡ್ಡಿಯ ಕೆಳತುದಿಯಿಂದ ಅವನ ಬೆರಳನ್ನು ಎಡಕ್ಕೆ, ಓರೆಯಾಗಿ, ತಟ್ಟೆಯ ಅಂಚು ತಗಲುವವರೆಗೆ ಎಳೆದೆ. ಮತ್ತೆ ಕಡ್ಡಿಯ ತುದಿಗೆ ತಂದು, ‘ಇಲ್ಲಿಂದಲೇ ಆ ಅಂಚಿಗೆ ಬ್ಯಾಟ್ ಚಾಚಿದ’ ಎಂದೆ. ಅವನು ಆ ಗೆರೆಯನ್ನು ತಾನಾಗಿಯೇ ಇನ್ನೆರಡು ಸಲ ಎಳೆದುಕೊಂಡ. ‘ನಿನ್ನೆ ನೀವು ಕೂಗಿದ್ರಿ ಅಂತ ನಾನೂ ಕೂಗಿದೆ. ಯಾಕೆ ಕೂಗಿದೆ ಅನ್ನೋದು ಈಗ ಗೊತ್ತಾಯ್ತು’ ಎಂದ.

ಈ ಲೇಖನಕ್ಕೆ ಕಾರಣ ಅವನ ಆ ಮಾತು. ಕಣ್ಣು ಕಾಣದ ಕ್ರೀಡಾಭಿಮಾನಿಗೆ ಪಂದ್ಯದಲ್ಲಿ ಏನು ತಪ್ಪಿಹೋಗುತ್ತದೆ ಎಂದು ಕೇಳಿದರೆ ನಾವು ಥಟ್ಟನೆ ‘ದೃಶ್ಯ’ ಎನ್ನುತ್ತೇವೆ. ಆ ಉತ್ತರ ಅರ್ಧ ಮಾತ್ರ ಸರಿ. ಸ್ಕೋರು ಅವನಿಗೆ ಗೊತ್ತಿರುತ್ತದೆ, ಯಾರು ಔಟಾದರು ಎಂಬುದೂ ಗೊತ್ತಿರುತ್ತದೆ. ತಪ್ಪಿಹೋಗುವುದು ಎರಡು: ಚೆಂಡು ಎಲ್ಲಿದೆ ಎಂಬ ಜಾಗ, ಮತ್ತು ಎಲ್ಲರ ಜೊತೆಗೇ ಉಸಿರು ಬಿಗಿಹಿಡಿಯುವ ಹೊತ್ತು. ಈಗ ಹಲವು ದೇಶಗಳಲ್ಲಿ ತಯಾರಾಗುತ್ತಿರುವ ಸ್ಪರ್ಶ ಸಾಧನಗಳನ್ನು ಅಳೆಯಬೇಕಾದದ್ದು ಇವೆರಡರಿಂದಲೇ ಎಂದು ನನ್ನ ನಂಬಿಕೆ.

ಕಾಮೆಂಟರಿ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ರೇಡಿಯೊ ಕಾಮೆಂಟರಿ ನಿಜಕ್ಕೂ ಕಣ್ಣು ಕಾಣದವರ ದೊಡ್ಡ ಆಸ್ತಿಯಾಗಿತ್ತು. ರೇಡಿಯೊದವರು ಕೇಳುಗರೆಲ್ಲರೂ ಕಾಣದವರು ಎಂದೇ ತಿಳಿದು ಮಾತಾಡುತ್ತಾರೆ. ಬೌಲರ್ ಯಾವ ತುದಿಯಿಂದ ಓಡಿಬರುತ್ತಿದ್ದಾನೆ, ಸ್ಲಿಪ್‌ನಲ್ಲಿ ಎಷ್ಟು ಜನ, ಚೆಂಡು ಯಾವ ಕಡೆ ಹೋಯಿತು, ಯಾರು ಬೆನ್ನಟ್ಟಿದರು, ಎಲ್ಲವನ್ನೂ ಬಾಯಲ್ಲೇ ಕಟ್ಟಿಕೊಡಬೇಕು. ಟಿ.ವಿ. ಕಾಮೆಂಟರಿಯ ಕಸುಬು ಬೇರೆ. ತೆರೆಯ ಮೇಲೆ ಕಾಣುತ್ತಿರುವುದನ್ನು ಮತ್ತೆ ಹೇಳಬಾರದು ಎಂಬುದು ಅಲ್ಲಿಯ ಮೊದಲ ಪಾಠ. ಆದ್ದರಿಂದ ರೋಚಕ ಘಳಿಗೆಯಲ್ಲಿ ಅವರು ‘ಓಹೋಹೋ, ಅದ್ಭುತ!’ ಎಂದು ಸುಮ್ಮನಾಗುತ್ತಾರೆ. ನೋಡುವವರಿಗೆ ಅಷ್ಟು ಸಾಕು. ಕೇಳುವವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ಮನೆಮನೆಯಲ್ಲಿ ರೇಡಿಯೊದ ಜಾಗಕ್ಕೆ ಟಿ.ವಿ. ಬಂದಾಗ ಕಣ್ಣು ಕಾಣದ ಅಭಿಮಾನಿಗಳು ತಮ್ಮ ಪಾಲಿನ ಆಟವನ್ನು ಸದ್ದಿಲ್ಲದೆ ಕಳೆದುಕೊಂಡರು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹೊತ್ತಿನ ವಿಷಯ ನಿಮಗೂ ಅನುಭವಕ್ಕೆ ಬಂದಿರುತ್ತದೆ. ಮೊಬೈಲಿನಲ್ಲಿ ಪಂದ್ಯ ನೋಡುತ್ತಿರುತ್ತೀರಿ. ಬೌಲರ್ ಇನ್ನೂ ಓಡಿಬರುತ್ತಿರುವಾಗಲೇ ಪಕ್ಕದ ಮನೆಯಿಂದ ‘ಹೋ’ ಎಂಬ ಕೂಗು ಕೇಳುತ್ತದೆ. ವಿಕೆಟ್ ಬಿತ್ತೆಂದು ಗೊತ್ತಾಗಿಬಿಡುತ್ತದೆ, ನಿಮ್ಮ ತೆರೆಯ ಮೇಲೆ ಅದು ಬೀಳುವ ಹೊತ್ತಿಗೆ ಸಪ್ಪೆ. ಕ್ರೀಡಾಂಗಣದಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತ ಅಂಧ ಅಭಿಮಾನಿಯ ಪಾಡು ಎಷ್ಟೋ ಸಲ ಇದೇ. ಸುತ್ತಲಿನವರು ಮೊದಲು ಕೂಗುತ್ತಾರೆ, ಕಾರಣ ಆಮೇಲೆ ಕಿವಿಗೆ ಬೀಳುತ್ತದೆ.

2018ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ತಂಡದ ಅಂಗಳವಾದ ಆನ್‌ಫೀಲ್ಡ್‌ನಲ್ಲಿ ನಡೆದ ಪಂದ್ಯವೊಂದರ ವಿಡಿಯೊ ಜಗತ್ತಿನೆಲ್ಲೆಡೆ ಹರಿದಾಡಿತು. ಎದುರಾಳಿ ಇಟಲಿಯ ನಾಪೊಲಿ. ಮೊಹಮ್ಮದ್ ಸಲಾ ಗೋಲು ಹೊಡೆದಾಗ ಗ್ಯಾಲರಿಯಲ್ಲಿದ್ದ ಅಂಧ ಅಭಿಮಾನಿಯೊಬ್ಬರು ಎಲ್ಲರ ಜೊತೆ ಕುಣಿಯುತ್ತಿದ್ದಾರೆ, ಕುಣಿತದ ನಡುವೆಯೇ ಪಕ್ಕದಲ್ಲಿದ್ದ ಸೋದರಸಂಬಂಧಿ ಅವರ ಕಿವಿಗೆ ಬಾಯಿಟ್ಟು ಗೋಲು ಹೇಗಾಯಿತೆಂದು ಹೇಳುತ್ತಿದ್ದಾರೆ. ಜನ ಅದನ್ನು ಪ್ರೀತಿಯ ದೃಶ್ಯವೆಂದು ಹಂಚಿಕೊಂಡರು. ಅದು ಪ್ರೀತಿಯ ದೃಶ್ಯವೇ ಹೌದು. ಆದರೆ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಅದರಲ್ಲಿ ಇನ್ನೊಂದನ್ನು ಗಮನಿಸಿದರು. ಗೋಲಿನ ಕಥೆ ಗೋಲಾದ ಮೇಲೆ ತಲುಪುತ್ತಿತ್ತು. ಒಮರ್ ಸಲೆಮ್, ಟಿಮ್ ಫಾರೆಲಿ, ಡೇವಿಡ್ ಡೆನೆಹರ್ ಸೇರಿ ‘ಫೀಲ್ಡ್ ಆಫ್ ವಿಷನ್’ ಎಂಬ ಸಾಧನ ಕಟ್ಟಲು ಹೊರಟದ್ದು ಅಲ್ಲಿಂದ. ತೊಡೆಯ ಮೇಲೆ ಇಟ್ಟುಕೊಳ್ಳುವ ಹಲಗೆಯಂಥದು, ಅದರ ಮೇಲೆ ಒಂದು ಉಂಗುರ. ಉಂಗುರಕ್ಕೆ ಬೆರಳು ತಾಗಿಸಿದರೆ ಒಳಗಿನ ಅಯಸ್ಕಾಂತ ಅದನ್ನು ಚೆಂಡು ಹೋದಲ್ಲೆಲ್ಲ ಎಳೆದೊಯ್ಯುತ್ತದೆ. ಮೆಲ್ಬರ್ನ್‌ನ ಮಾರ್ವೆಲ್ ಸ್ಟೇಡಿಯಂನಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಪಂದ್ಯಗಳಿಗೆ 5ಜಿ ಜಾಲದ ಮೂಲಕ ಇದನ್ನು ಬಳಸಿ ನೋಡಿದರು. ಫ್ರಾನ್ಸಿನ ಟೂಲೂಸ್ ನಗರದ ‘ಟಚ್‌ಟುಸೀ’ ಕಂಪನಿಯ ಹಲಗೆಯೂ ಇದೇ ಜಾತಿಯದು. 2024ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ಅದು ಪ್ರೇಕ್ಷಕರ ಕೈ ಸೇರಿತು.

ಅಮೆರಿಕದ ಸಿಯಾಟಲ್‌ನಲ್ಲಿ ಹುಟ್ಟಿದ ‘ಒನ್‌ಕೋರ್ಟ್’ ಕಂಪನಿ ಬೇರೆ ದಾರಿ ಹಿಡಿಯಿತು. ಅದನ್ನು ಕಟ್ಟಿದ, ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಜೆರೆಡ್ ಮೇಸ್ ಕೂಡ ಇಂಥದೇ ವಿಡಿಯೊ ಒಂದನ್ನು ಕಂಡವರು. ಫುಟ್‌ಬಾಲ್ ಪಂದ್ಯದಲ್ಲಿ ಅಂಧರೊಬ್ಬರ ಕೈಗಳನ್ನು ಪಕ್ಕದವರು ಹಲಗೆಯ ಮೇಲೆ ನಡೆಸುತ್ತಿದ್ದರು. ಮೇಸ್ ಅವರ ಸಾಧನದಲ್ಲಿ ಚಲಿಸುವ ಭಾಗವೇ ಇಲ್ಲ. ಅಂಕಣದ ಗೆರೆಗಳು ಉಬ್ಬಿ ನಿಂತಿರುತ್ತವೆ, ಮೇಲ್ಮೈಯ ಕೆಳಗೆ ಸಣ್ಣ ಕಂಪನಗಳು ಹುಟ್ಟುತ್ತವೆ. ಎರಡೂ ಅಂಗೈ ಚೆಲ್ಲಿ ಕೂತರೆ ಚೆಂಡು ಈ ತುದಿಯಿಂದ ಆ ತುದಿಗೆ ಕೈಯಡಿಯಲ್ಲೇ ಓಡಿದಂತೆ ಅನ್ನಿಸುತ್ತದೆ. ಸ್ಕೋರನ್ನು ಕಿವಿಗೆ ಹೇಳುವ ವ್ಯವಸ್ಥೆಯೂ ಇದೆ. 2025ರ ಜನವರಿಯಲ್ಲಿ ಪೋರ್ಟ್‌ಲೆಂಡ್‌ನ ಬಾಸ್ಕೆಟ್‌ಬಾಲ್ ತಂಡ ಟ್ರೇಲ್ ಬ್ಲೇಜರ್ಸ್ ತನ್ನ ಅಂಗಳದ ಪಂದ್ಯಗಳಿಗೆ ಬರುವ ದೃಷ್ಟಿದೋಷವುಳ್ಳ ಪ್ರೇಕ್ಷಕರಿಗೆ ಇದನ್ನು ಕೊಡತೊಡಗಿತು. ಎನ್‌ಬಿಎ ತಂಡಗಳಲ್ಲಿ ಮೊದಲು ಹೀಗೆ ಮಾಡಿದ್ದು ಅದೇ.

ಬಾಸ್ಕೆಟ್‌ಬಾಲ್‌ಗೆ ಇಂಥ ಸಾಧನ ಹೊಂದುವುದರಲ್ಲಿ ಅರ್ಥವಿದೆ. ಅಲ್ಲಿ ಒಂದು ತಂಡ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು. ಆ ಸ್ವಲ್ಪ ಹೊತ್ತಿನಲ್ಲೇ ಚೆಂಡು ನಾಲ್ಕಾರು ಕೈ ದಾಟುತ್ತದೆ. ಮಾತಿಗೆ ಅಷ್ಟು ವೇಗವಿಲ್ಲ, ಒಂದಾದ ಮೇಲೆ ಒಂದು ಪದ ಬರಬೇಕು. ‘ಎಡಮೂಲೆಯಿಂದ ಮೇಲಕ್ಕೆ, ಅಲ್ಲಿಂದ ಬಲಕ್ಕೆ’ ಎಂದು ಹೇಳಿ ಮುಗಿಸುವಷ್ಟರಲ್ಲಿ ಚೆಂಡು ಬುಟ್ಟಿಯೊಳಗೆ ಬಿದ್ದಿರುತ್ತದೆ. ಚರ್ಮಕ್ಕೆ ಆ ತೊಡಕಿಲ್ಲ. ಸೊಳ್ಳೆ ಎಲ್ಲಿ ಕೂತಿತೆಂದು ತಿಳಿಯಲು ನಮಗೆ ಯಾರ ವಿವರಣೆಯೂ ಬೇಡ.

ಇಷ್ಟಕ್ಕೂ ಚೆಂಡು ಎಲ್ಲಿದೆಯೆಂದು ಹಲಗೆಗೆ ಗೊತ್ತಾಗುವುದು ಹೇಗೆ? ಅದಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ ಎಂಬುದೇ ಇಲ್ಲಿಯ ಸಂತೋಷದ ಸಂಗತಿ. 2001ರಲ್ಲಿ ಲಾರ್ಡ್ಸ್‌ನ ಟೆಸ್ಟ್ ಪಂದ್ಯದಲ್ಲಿ ‘ಹಾಕ್‌ಐ’ ಮೊದಲ ಬಾರಿಗೆ ಟಿ.ವಿ.ಯಲ್ಲಿ ಕಂಡಿತು. ಹಲವು ಕೋನಗಳ ಕ್ಯಾಮೆರಾಗಳು ಸೇರಿ ಚೆಂಡಿನ ದಾರಿಯನ್ನು ಲೆಕ್ಕಹಾಕುವ ಏರ್ಪಾಡು ಅದು. 2022ರ ಕತಾರ್ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಕ್ರೀಡಾಂಗಣದ ಚಾವಣಿಯ ಕೆಳಗೆ 12 ಕ್ಯಾಮೆರಾಗಳಿದ್ದವು. ಪ್ರತಿ ಆಟಗಾರನ ಮೈಮೇಲಿನ 29 ಬಿಂದುಗಳನ್ನು ಅವು ಸೆಕೆಂಡಿಗೆ 50 ಬಾರಿ ಗುರುತಿಸುತ್ತಿದ್ದವು. ಚೆಂಡಿನ ಹೊಟ್ಟೆಯೊಳಗಿನ ಸಂವೇದಕ ಸೆಕೆಂಡಿಗೆ 500 ಬಾರಿ ಸುದ್ದಿ ಕಳಿಸುತ್ತಿತ್ತು. ಆಫ್‌ಸೈಡ್ ತೀರ್ಪಿಗೆಂದು ಇಷ್ಟೆಲ್ಲ. ಕೋಚ್‌ಗಳಿಗೆ, ಟಿ.ವಿ.ಯವರಿಗೆ, ತೀರ್ಪುಗಾರರಿಗೆ ಹೋಗುವ ಅದೇ ಅಂಕಿಗಳನ್ನು ಒಂದು ಹಲಗೆಗೂ ಕಳಿಸಿದರೆ ಕಣ್ಣು ಕಾಣದವರ ಕೈಗೆ ಆಟ ಬರುತ್ತದೆ. ಟೆನಿಸ್ ಆಸ್ಟ್ರೇಲಿಯಾ ಸಂಸ್ಥೆ ಮೊನಾಶ್ ವಿಶ್ವವಿದ್ಯಾಲಯದ ಜೊತೆ ಸೇರಿ 2021ರಲ್ಲಿ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮಾಡಿದ ‘ಆ್ಯಕ್ಷನ್ ಆಡಿಯೊ’ ಪ್ರಯೋಗದಲ್ಲಿ ಹಾಕ್‌ಐ ಅಂಕಿಗಳನ್ನೇ ಸದ್ದಾಗಿ ಬದಲಿಸಲಾಗಿತ್ತು. ಚೆಂಡಿನ ವೇಗ, ದಾರಿ, ಗೆರೆಗೆ ಎಷ್ಟು ಹತ್ತಿರ ಬಿತ್ತು ಎಂಬುದೆಲ್ಲ ಎಡಬಲ ಕಿವಿಗಳಲ್ಲಿ ಸದ್ದಾಗಿ ಕೇಳುತ್ತಿತ್ತು.

ಅಂಕಿ ಸಿಕ್ಕಿತು ಎಂದಮೇಲೆ ಕೆಲಸ ಮುಗಿಯಿತೇ? ನಿಜವಾದ ಕಷ್ಟ ಶುರುವಾಗುವುದು ಅಲ್ಲಿಂದ. ಅದಕ್ಕೆ ಚರ್ಮದ ಸ್ವಭಾವ ತಿಳಿದಿರಬೇಕು.

ಒಂದು ಕೈಯ ಅಂಗೈ ಮತ್ತು ಬೆರಳುಗಳಲ್ಲಿ ಸ್ಪರ್ಶ ಹಿಡಿಯುವ ಸುಮಾರು 17,000 ನರತುದಿಗಳಿವೆ. ಒತ್ತಡಕ್ಕೆ ಕೆಲವು, ಚರ್ಮ ಎಳೆದಾಗ ಕೆಲವು, ಮೆಲ್ಲನೆಯ ಅದುರಿಗೆ ಕೆಲವು, ಸೆಕೆಂಡಿಗೆ 250 ಬಾರಿಯ ಆಸುಪಾಸಿನ ನಡುಕಕ್ಕೆ ಇನ್ನು ಕೆಲವು. ಬೆರಳತುದಿ ಎರಡು ಚುಕ್ಕೆಗಳನ್ನು ಬೇರೆಬೇರೆ ಎಂದು ಗುರುತಿಸಬೇಕಾದರೆ ಅವುಗಳ ನಡುವೆ ಸುಮಾರು 2 ಮಿಲಿಮೀಟರ್ ಅಂತರ ಬೇಕು. ಬ್ರೈಲ್ ಚುಕ್ಕೆಗಳನ್ನು ಸುಮಾರು ಎರಡೂವರೆ ಮಿಲಿಮೀಟರ್ ದೂರದಲ್ಲಿ ಇಡುವುದು ಆ ಲೆಕ್ಕಕ್ಕೆ ಹೊಂದುತ್ತದೆ. ಈಗ 105 ಮೀಟರ್ ಉದ್ದದ ಫುಟ್‌ಬಾಲ್ ಮೈದಾನವನ್ನು 30 ಸೆಂಟಿಮೀಟರ್ ಹಲಗೆಗೆ ಇಳಿಸಿ. ಮೈದಾನದ ಒಂದು ಮೀಟರ್ ಹಲಗೆಯ ಮೇಲೆ ಮೂರು ಮಿಲಿಮೀಟರಿಗೂ ಕಡಿಮೆ. ಎಂದರೆ ಕ್ಯಾಮೆರಾಗಳು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದುಕೊಟ್ಟದ್ದರಲ್ಲಿ ಬಹುಪಾಲು ಬೆರಳಿಗೆ ತಿಳಿಯುವುದೇ ಇಲ್ಲ. ಇಪ್ಪತ್ತೆರಡು ಆಟಗಾರರನ್ನೂ ಚೆಂಡನ್ನೂ ಒಟ್ಟಿಗೇ ಅಷ್ಟು ಜಾಗದಲ್ಲಿ ಅದುರಿಸಿದರೆ ಕೈಯಡಿಯಲ್ಲಿ ಜೇನುಗೂಡು ಇಟ್ಟಂತಾಗುತ್ತದೆ, ಆಟವೇ ಗೊತ್ತಾಗುವುದಿಲ್ಲ.

ಹಾಗಾಗಿ ಇಂಥ ಸಾಧನ ಕಟ್ಟುವವರ ಜಾಣ್ಮೆ ಗೊತ್ತಾಗುವುದು ಅವರು ಏನನ್ನು ಬಿಟ್ಟರು ಎಂಬುದರಲ್ಲಿ. ಚೆಂಡೊಂದನ್ನೇ ತೋರಿಸಿ ಆಟಗಾರರನ್ನು ಬಿಡಬೇಕೆ? ಚೆಂಡು ಯಾವ ತಂಡದ ಬಳಿ ಇದೆಯೆಂದು ಹೇಗೆ ತಿಳಿಸುವುದು, ಒಂದಕ್ಕೆ ದಟ್ಟ ಅದುರು, ಇನ್ನೊಂದಕ್ಕೆ ತೆಳು ಅದುರು ಎಂದೆ? ಗೋಲಿಗೆ, ಫೌಲಿಗೆ, ಕಾರ್ನರಿಗೆ ಬೇರೆಬೇರೆ ಬಡಿತ ಕೊಟ್ಟರೆ ಎಷ್ಟನ್ನು ನೆನಪಿಡಲು ಸಾಧ್ಯ? ಇನ್ನೊಂದು ತೊಂದರೆಯೂ ಇದೆ. ಹಳೆಯ ಮೋಟಾರ್‌ಸೈಕಲ್ಲಿನ ಹ್ಯಾಂಡಲ್ ಹಿಡಿದು ಗಂಟೆಗಟ್ಟಲೆ ಹೋದವರಿಗೆ ಅಂಗೈ ಜೋಮು ಹಿಡಿಯುವುದು ಗೊತ್ತು. ಎಡೆಬಿಡದೆ ಅದುರಿದರೆ ಚರ್ಮ ಮಂಕಾಗುತ್ತದೆ. 90 ನಿಮಿಷದ ಆಟದುದ್ದಕ್ಕೂ ಕೈ ಚುರುಕಾಗಿರಬೇಕಾದರೆ ನಡುನಡುವೆ ಹಲಗೆ ಸುಮ್ಮನಿರಬೇಕು.

ಚರ್ಮಕ್ಕೆ ಒಂದು ಸೊಗಸಾದ ಭ್ರಮೆಯೂ ಇದೆ. ಮಗುವಿನ ಮುಂಗೈಯಿಂದ ಕಂಕುಳವರೆಗೆ ಎರಡು ಬೆರಳು ನಡೆಸಿ ಕಚಗುಳಿ ಇಡುತ್ತೇವಲ್ಲ, ನಾವು ಮುಟ್ಟುವುದು ನಾಲ್ಕೈದು ಕಡೆ ಮಾತ್ರ, ಮಗುವಿಗೆ ಮಾತ್ರ ಏನೋ ಹರಿದುಬಂದ ಹಾಗೆ. 1972ರಲ್ಲಿ ಗೆಲ್ಡಾರ್ಡ್ ಮತ್ತು ಶೆರಿಕ್ ಎಂಬ ವಿಜ್ಞಾನಿಗಳು ಇದನ್ನೇ ಅಳೆದು ತೋರಿಸಿದರು. ಮಣಿಕಟ್ಟಿನ ಬಳಿ ಕೆಲವು ತಟ್ಟು, ಆಮೇಲೆ ಮೊಣಕೈ ಬಳಿ ಕೆಲವು ತಟ್ಟು ವೇಗವಾಗಿ ಕೊಟ್ಟರೆ ನಡುವಿನ ಜಾಗದಲ್ಲಿ ಮೊಲದ ಮರಿ ಕುಪ್ಪಳಿಸಿ ಹೋದಂತೆ ಅನ್ನಿಸುತ್ತದೆ, ಅಲ್ಲಿ ಯಾರೂ ಮುಟ್ಟಿರುವುದೇ ಇಲ್ಲ. ಚರ್ಮದ ಈ ಗುಣವನ್ನು ಬಳಸಿಕೊಂಡರೆ ಸಾವಿರಾರು ಮೋಟಾರುಗಳನ್ನು ತುಂಬದೆಯೂ ಚೆಂಡು ಜಾರಿಹೋದಂತೆ ಕೈಗೆ ತೋರಿಸಬಹುದು. ಸಾಧನ ಅಗ್ಗವಾಗುವುದಕ್ಕೂ ಇದು ದಾರಿ.

ಇದಕ್ಕಿಂತ ದೊಡ್ಡ ಪಾಠ 1969ರದು. ಪಾಲ್ ಬಾಖ್-ಇ-ರೀಟಾ ಎಂಬ ಅಮೆರಿಕನ್ ನರವಿಜ್ಞಾನಿ ಹಲ್ಲಿನ ವೈದ್ಯರ ಹಳೆಯ ಕುರ್ಚಿಯ ಬೆನ್ನಿಗೆ 400 ಕಂಪನ ಕಡ್ಡಿಗಳನ್ನು ಇಪ್ಪತ್ತು ಅಡ್ಡಸಾಲು, ಇಪ್ಪತ್ತು ಕಂಬಸಾಲುಗಳಲ್ಲಿ ಜೋಡಿಸಿದರು. ಕ್ಯಾಮೆರಾ ಕಂಡದ್ದು ಕೂತವರ ಬೆನ್ನಿನ ಮೇಲೆ ಚಿತ್ರವಾಗಿ ಮೂಡುತ್ತಿತ್ತು. ಅಭ್ಯಾಸವಾದ ಮೇಲೆ ಅಂಧರು ಟೆಲಿಫೋನು, ಕುರ್ಚಿ, ಎದುರಿನವರ ಮುಖ ಎಲ್ಲವನ್ನೂ ಗುರುತಿಸಿದರು. ಆದರೆ ಒಂದು ಷರತ್ತಿತ್ತು. ಕ್ಯಾಮೆರಾವನ್ನು ತಾವೇ ಆಡಿಸಿದಾಗ ಮಾತ್ರ ವಸ್ತು ‘ಅಲ್ಲಿ ಎದುರಿಗಿದೆ’ ಎಂದು ಅನ್ನಿಸುತ್ತಿತ್ತು. ಬೇರೆಯವರು ಆಡಿಸಿದಾಗ ಅದು ಬೆನ್ನ ಮೇಲಿನ ಬರಿಯ ಕಚಗುಳಿ. ಅಂಗೈ ಚೆಲ್ಲಿ ಸುಮ್ಮನೆ ಕೂರುವುದಕ್ಕೂ ಬೆರಳಿನಿಂದ ತಾನೇ ಹುಡುಕುವುದಕ್ಕೂ ಇರುವ ಅಂತರ ಇದು. ನನ್ನ ಗೆಳೆಯ ತಟ್ಟೆಯ ಮೇಲಿನ ಗೆರೆಯನ್ನು ಮತ್ತೆ ತಾನೇ ಎಳೆದುಕೊಂಡದ್ದು ಯಾಕೆಂದು ಬಾಖ್-ಇ-ರೀಟಾ ಬಗ್ಗೆ ಓದಿದಾಗ ನನಗೆ ಹೊಳೆಯಿತು. ನಾನು ಎಳೆದ ಗೆರೆ ನನ್ನದಾಗಿತ್ತು. ಬೆರಳನ್ನು ಹಿಡಿದು ಎಳೆದೊಯ್ಯುವ ಉಂಗುರದ ಹಲಗೆಗಳ ಬಗ್ಗೆ ನನಗಿರುವ ಸಣ್ಣ ಅಳುಕೂ ಇದೇ. ಅವು ದಾರಿ ತೋರಿಸುವುದರಲ್ಲಿ ಚೆನ್ನ, ಹುಡುಕುವ ಸುಖವನ್ನು ಮಾತ್ರ ಕಸಿಯುತ್ತವೆ.

ಸಾಧನ ಕಟ್ಟುವವರು ಮರೆಯಬಾರದ ಇನ್ನೊಂದು ಮಾತಿದೆ. ಕಣ್ಣು ಕಾಣದ ಅಭಿಮಾನಿ ಏನೂ ಗೊತ್ತಿಲ್ಲದೆ ಬಂದು ಕೂತವರಲ್ಲ. ಜಿಂಬಾಬ್ವೆಯ ಡೀನ್ ಡು ಪ್ಲೆಸಿ ಹುಟ್ಟಿನಿಂದ ಅಂಧರು. 2001ರಿಂದ ಅವರು ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯಗಳಿಗೆ ಕಾಮೆಂಟರಿ ಹೇಳಿದ್ದಾರೆ. ಸ್ಟಂಪ್ ಮೈಕಿನ ಸದ್ದು ಕಿವಿಗೆ ಬಿದ್ದರೆ ಸಾಕು, ಕಾಲು ಎಳೆಯುವ ರೀತಿ, ಉಸಿರಿನ ಸದ್ದು, ಚೆಂಡು ಬಿಡುವಾಗಿನ ಹೂಂಕಾರದಿಂದ ಬೌಲರ್ ಯಾರೆಂದು ಹೇಳುತ್ತಾರೆ. ಬ್ಯಾಟಿಗೆ ಚೆಂಡು ತಗಲಿದ ಸದ್ದಿನಿಂದ ಹೊಡೆತ ಎಂಥದೆಂದು ಊಹಿಸುತ್ತಾರೆ. ಇಂಥ ಕಿವಿಗೆ ‘ಈಗ ಚೆಂಡು ಬ್ಯಾಟಿಗೆ ತಗಲಿತು’ ಎಂದು ಕೈ ಅದುರಿಸಿ ಹೇಳಬೇಕಾಗಿಲ್ಲ. ಕಿವಿಗೆ ಸಿಗದ್ದನ್ನಷ್ಟೇ ಕೈಗೆ ಕೊಡಬೇಕು.

ಕ್ರಿಕೆಟ್ಟಿಗೆ ಇಂಥ ಹಲಗೆ ಹೇಗಿರಬೇಕು? ನಮ್ಮ ದೇಶದಲ್ಲಿ ಕೇಳಬೇಕಾದ ಪ್ರಶ್ನೆ ಇದೇ. ಫುಟ್‌ಬಾಲ್ ಹಲಗೆಯನ್ನು ದುಂಡಗೆ ಕತ್ತರಿಸಿದರೆ ಕ್ರಿಕೆಟ್ ಹಲಗೆ ಆಗುವುದಿಲ್ಲ. ನಮ್ಮ ತಟ್ಟೆಯನ್ನೇ ತೆಗೆದುಕೊಳ್ಳಿ, ಅಡ್ಡಳತೆ 28 ಸೆಂಟಿಮೀಟರ್ ಎನ್ನೋಣ. 140 ಮೀಟರ್ ಅಗಲದ ಮೈದಾನವನ್ನು ಅದರಲ್ಲಿ ಕೂರಿಸಿದರೆ 20.12 ಮೀಟರಿನ ಪಿಚ್ ಬರೀ 4 ಸೆಂಟಿಮೀಟರ್ ಆಗುತ್ತದೆ, ನಾವಿಟ್ಟ ಬೆಂಕಿಕಡ್ಡಿಯಷ್ಟು. ಯಾರ್ಕರ್, ಗುಡ್ ಲೆಂಗ್ತ್, ಬೌನ್ಸರ್ ಎಲ್ಲ ಆ ಕಡ್ಡಿಯೊಳಗೇ ಅಡಗಬೇಕು. ಕ್ರಿಕೆಟ್ಟಿನ ಅರ್ಧ ಬುದ್ಧಿ ಇರುವುದೇ ಅಲ್ಲಿ. ಆದ್ದರಿಂದ ಒಂದು ನಕ್ಷೆ ಸಾಲದು, ಎರಡು ಬೇಕು: ಪಿಚ್ ಒಂದನ್ನೇ ದೊಡ್ಡದಾಗಿ ತೋರಿಸುವ ಉದ್ದನೆಯ ಪಟ್ಟಿ ಒಂದು ಕೈಗೆ, ಇಡೀ ಮೈದಾನದ ದುಂಡು ಇನ್ನೊಂದು ಕೈಗೆ.

ವೇಗದ ಪ್ರಶ್ನೆಯೂ ಇದೆ. ಗಂಟೆಗೆ 140 ಕಿಲೋಮೀಟರ್ ವೇಗದ ಎಸೆತ ಬೌಲರನ ಕೈಬಿಟ್ಟು ಅರ್ಧ ಸೆಕೆಂಡಿನೊಳಗೆ ಬ್ಯಾಟ್ಸ್‌ಮನ್‌ನನ್ನು ಮುಟ್ಟುತ್ತದೆ. ಅದನ್ನು ಬೆರಳು ಹಿಂಬಾಲಿಸಲಾರದು. ಚೆಂಡು ನೆಲಕ್ಕೆ ಬಿದ್ದ ಜಾಗದಲ್ಲಿ ಒಂದೇ ಒಂದು ಚುರುಕಾದ ತಟ್ಟು ಸಾಕು. ಸದ್ದನ್ನು ಕಿವಿ ನೋಡಿಕೊಳ್ಳುತ್ತದೆ. ಹೊಡೆತದ ದಾರಿಯನ್ನು ಇನ್ನೊಂದು ಕೈಯಡಿಯ ದುಂಡು ಹೇಳುತ್ತದೆ, ಕಡ್ಡಿಯಿಂದ ಅಂಚಿನ ಕಡೆಗೆ ಹರಿಯುವ ಅದುರು. ಅಂಚು ತಗಲುವ ಮುನ್ನವೇ ನಿಂತರೆ ಯಾರೋ ತಡೆದರು ಎಂದರ್ಥ. ಆ ಎರಡು ಮೂರು ಸೆಕೆಂಡುಗಳಲ್ಲಿ ‘ಹೋಗುತ್ತಾ, ಹೋಗುತ್ತಾ’ ಎಂದು ಗ್ಯಾಲರಿ ಎದ್ದು ನಿಲ್ಲುತ್ತದೆಯಲ್ಲ, ಆಗ ಕೈ ಕೂಡ ಆ ತವಕದಲ್ಲಿ ಪಾಲು ಪಡೆಯಬೇಕು. ಎತ್ತರದ ಹೊಡೆತವಾದರೆ ನೆಲಬಿಟ್ಟ ಚೆಂಡನ್ನು ಹೇಗೆ ತೋರಿಸುವುದು ಎಂಬುದು ಕಠಿಣ ಸಮಸ್ಯೆ. ಚೆಂಡು ಮೇಲೇರಿದಂತೆ ಅದುರು ತೆಳುವಾಗಿ, ಇಳಿದಂತೆ ದಟ್ಟವಾಗುವ ಹಾಗೆ ಮಾಡಿ ನೋಡಬಹುದು.

ಕ್ರಿಕೆಟ್ಟಿಗೆ ಒಂದು ಅನುಕೂಲವೂ ಇದೆ, ಅದು ಬಿಡುವು. ಟಿ20ಯ ಒಂದು ಇನ್ನಿಂಗ್ಸ್ ಸುಮಾರು ಒಂದೂವರೆ ಗಂಟೆಯದು, ಚೆಂಡು 120. ಸರಾಸರಿ ಮುಕ್ಕಾಲು ನಿಮಿಷಕ್ಕೆ ಒಂದು ಎಸೆತ. ಈ ನಡುವಿನ ಹೊತ್ತಿನಲ್ಲಿ ಫೀಲ್ಡರ್‌ಗಳ ಜಾಗವನ್ನು ದುಂಡಿನ ಮೇಲೆ ಉಬ್ಬುಚುಕ್ಕೆಗಳಾಗಿ ಎಬ್ಬಿಸಿದರೆ ಅಂಧ ಪ್ರೇಕ್ಷಕ ತಾನೇ ತಡವಿ ನೋಡುತ್ತಾನೆ. ಲೆಗ್ ಸೈಡಿನ ಅಂಚಿನಲ್ಲಿ ಇಬ್ಬರು, ಹತ್ತಿರದಲ್ಲಿ ಯಾರೂ ಇಲ್ಲ, ಹಾಗಾದರೆ ಮುಂದಿನ ಚೆಂಡು ಶಾರ್ಟ್ ಎಂದು ತಾನೇ ಲೆಕ್ಕ ಹಾಕುತ್ತಾನೆ. ಪಕ್ಕದವನ ಜೊತೆ ವಾದಕ್ಕಿಳಿಯುತ್ತಾನೆ. ಊಹೆ ನಿಜವಾದರೆ ‘ಹೇಳಿರಲಿಲ್ವಾ?’ ಎನ್ನುತ್ತಾನೆ. ಪಂದ್ಯ ನೋಡುವ ಸುಖದಲ್ಲಿ ಮುಕ್ಕಾಲು ಪಾಲು ಇದೇ ಅಲ್ಲವೇ?

ಈ ಹಲಗೆಯನ್ನು ಒರೆಗೆ ಹಚ್ಚಲು ಕರ್ನಾಟಕಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಅಂಧರ ಕ್ರಿಕೆಟ್ಟಿನ ದೊಡ್ಡ ಮನೆ ಬೆಂಗಳೂರು. 1997ರಲ್ಲಿ ಇಲ್ಲಿ ಶುರುವಾದ ಸಮರ್ಥನಂ ಸಂಸ್ಥೆ ಈ ಆಟವನ್ನು ಹೆಗಲ ಮೇಲೆ ಹೊತ್ತು ಬೆಳೆಸಿದೆ. ಅಂಧರ ಮೊದಲ ಟಿ20 ವಿಶ್ವಕಪ್ 2012ರಲ್ಲಿ ಬೆಂಗಳೂರಿನಲ್ಲೇ ನಡೆಯಿತು, ಭಾರತ ಗೆದ್ದಿತು. 2017ರ ಮತ್ತು 2022ರ ಫೈನಲ್‌ಗಳು ಚಿನ್ನಸ್ವಾಮಿಯಲ್ಲೇ ನಡೆದವು, ಎರಡನ್ನೂ ಭಾರತವೇ ಗೆದ್ದಿತು. ತಂಡದ ನಾಯಕರಾಗಿದ್ದ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರಿನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ಪನ್ನು ನೇಪಾಳದ ವಿರುದ್ಧ ಗೆದ್ದ ಭಾರತ ತಂಡದ ನಾಯಕಿ ಟಿ.ಸಿ. ದೀಪಿಕಾ ಕೂಡ ನಮ್ಮವರೇ.

ಆ ಆಟದಲ್ಲಿ ಚೆಂಡು ಪ್ಲಾಸ್ಟಿಕ್ಕಿನದು, ಹೊಟ್ಟೆಯಲ್ಲಿ ಗುಂಡುಗಳು ಗಲಗಲ ಎನ್ನುತ್ತವೆ. ಬೌಲರ್ ‘ರೆಡಿ?’ ಎಂದು ಕೇಳಿ, ಬ್ಯಾಟ್ಸ್‌ಮನ್ ‘ಯೆಸ್’ ಎಂದ ಮೇಲೆ ‘ಪ್ಲೇ’ ಎನ್ನುತ್ತಾ ಕೈ ಕೆಳಗಿನಿಂದ ಚೆಂಡು ಬಿಡುತ್ತಾನೆ. ಪೂರ್ತಿ ದೃಷ್ಟಿಯಿಲ್ಲದ ಬಿ1 ವರ್ಗದ ಆಟಗಾರ ಹೊಡೆದ ರನ್ ಎರಡಾಗಿ ಎಣಿಕೆಯಾಗುತ್ತದೆ. ಇವರಿಗೆ ಮೈದಾನದ ಉದ್ದಗಲ ಕಾಲಿನಿಂದ ಗೊತ್ತು, ಕವರ್ ಎಲ್ಲಿ, ಡೀಪ್ ಮಿಡ್‌ವಿಕೆಟ್ ಎಲ್ಲಿ ಎಂಬುದು ಮೈಯಿಂದ ಗೊತ್ತು. ಹಲಗೆಯ ಮೇಲೆ ಯಾವ ಚುಕ್ಕೆ ಬೇಕು, ಯಾವುದು ಬೇಡ ಎಂದು ಹೇಳುವ ಅಧಿಕಾರ ಇವರಿಗಿಂತ ಹೆಚ್ಚು ಯಾರಿಗಿದೆ? ಮೊದಲ ನಕ್ಷೆ ಬರೆಯುವ ದಿನವೇ ಇವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಎಲ್ಲ ಮುಗಿದ ಮೇಲೆ ಫೋಟೊಕ್ಕೆ ಕರೆದು ‘ಹೇಗಿದೆ ಹೇಳಿ’ ಎಂದು ಕೇಳುವುದು ಅವಮಾನ.

ಹಲಗೆಯೊಂದರಿಂದ ಎಲ್ಲ ಆಗಿಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಜೀವ ಕಳೆದುಕೊಂಡರು. ಕಣ್ಣು ಕಾಣುವವರಿಗೇ ಗೇಟು ದಾಟುವುದು ಜೀವದ ಪ್ರಶ್ನೆಯಾಗುವಲ್ಲಿ ಬಿಳಿ ಕೋಲು ಹಿಡಿದವರು ಹೇಗೆ ಬರಬೇಕು? ಬೇರೆ ಬಾಗಿಲು, ಕೈಹಿಡಿದು ಕೂರಿಸುವ ತರಬೇತಿ ಪಡೆದ ಸಿಬ್ಬಂದಿ, ಜೊತೆಗೆ ಬರುವವರಿಗೂ ಸೀಟು, ಇವು ಮೊದಲು ಆಗಬೇಕು. ಹಲಗೆ ಅದರ ನಂತರದ್ದು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿ ಸಂಬಂಧಿ ಅಂಗವಿಕಲತೆ ಇರುವವರು ಸುಮಾರು 50 ಲಕ್ಷ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 30ನೇ ಸೆಕ್ಷನ್ ಕ್ರೀಡೆಯ ಬಗ್ಗೆಯೇ ಇದೆ. ಎಲ್ಲ ಕ್ರೀಡಾ ಚಟುವಟಿಕೆಗಳಲ್ಲೂ ಅಂಗವಿಕಲರು ಭಾಗವಹಿಸಲು ಹಲವು ಇಂದ್ರಿಯಗಳಿಗೆ ಎಟಕುವ ಸೌಲಭ್ಯಗಳನ್ನು ಒದಗಿಸಬೇಕೆಂದು ಅದು ಹೇಳುತ್ತದೆ. ಗ್ಯಾಲರಿಯಲ್ಲಿ ಕೂತು ಕೂಗುವುದೂ ಭಾಗವಹಿಸುವುದೇ ಎಂದು ನಾನು ಓದಿಕೊಳ್ಳುತ್ತೇನೆ. ಚೆಂಡಿನ ದಾರಿಯ ಅಂಕಿಗಳು ಪ್ರತಿ ದೊಡ್ಡ ಪಂದ್ಯದಲ್ಲೂ ಹೇಗೂ ತಯಾರಾಗುತ್ತವೆ. ಅವನ್ನು ಇಂಥ ಕೆಲಸಕ್ಕೆ ಉಚಿತವಾಗಿ ಬಿಟ್ಟುಕೊಡುವುದು ಕ್ರಿಕೆಟ್ ಆಡಳಿತಗಾರರಿಗೆ ಭಾರವಾಗಲಾರದು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರತಿವರ್ಷ ಸಾವಿರಾರು ಮಕ್ಕಳು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಾರೆ. ದಯವಿಟ್ಟು ಒಂದು ತಂಡವಾದರೂ ಇದನ್ನು ಎತ್ತಿಕೊಳ್ಳಲಿ, ಮತ್ತು ಎತ್ತಿಕೊಂಡ ದಿನವೇ ಅಂಧರ ಕ್ರಿಕೆಟ್ ತಂಡವೊಂದರ ಬಾಗಿಲು ತಟ್ಟಲಿ.

ಅಲ್ಲಿಯವರೆಗೆ ನಿಮ್ಮ ಮನೆಯಲ್ಲಿ, ಹಾಸ್ಟೆಲಿನಲ್ಲಿ, ವಠಾರದಲ್ಲಿ ಕಣ್ಣು ಕಾಣದವರು ಪಂದ್ಯಕ್ಕೆ ಕೂತರೆ ಒಂದು ತಟ್ಟೆ ತನ್ನಿ. ನಡುವೆ ಒಂದು ಕಡ್ಡಿ ಅಂಟಿಸಿ. ಫೀಲ್ಡರ್‌ಗಳಿಗೆ ಕಡಲೆಕಾಳು ಇಟ್ಟರಾಯಿತು. ಒಂದು ವಿಷಯ ಮಾತ್ರ ನೆನಪಿಡಿ: ನಾನು ಮಾಡಿದ ಹಾಗೆ ಅವರ ಬೆರಳನ್ನು ಹಿಡಿದು ಎಳೆಯಬೇಡಿ. ನಿಮ್ಮ ಬೆರಳನ್ನು ತಟ್ಟೆಯ ಮೇಲೆ ಓಡಿಸಿ, ಅದರ ಮೇಲೆ ಅವರು ಕೈಯಿಡಲಿ, ಬೇಕೆಂದಾಗ ಬಿಡಲಿ. ಮೊದಲ ಎಸೆತಕ್ಕೂ ಮುಂಚೆ ಯಾರು ಎಲ್ಲಿ ನಿಂತಿದ್ದಾರೆಂದು ಒಮ್ಮೆ ತಡವಿ ನೋಡಲು ಅವರಿಗೆ ಸಮಯ ಕೊಡಿ.